ಗೋಡೆಯಿಲ್ಲದ ಮಹಡಿ

ನಮ್ಮ ಕಟ್ಟಡಕ್ಕೆ ಪ್ರಶಸ್ತಿ ಬಂದಿದೆ. ಕೊಟ್ಟವರು ಅದರೊಳಗೆ ಒಂದು ದಿನವೂ ಕೂತು ಕೆಲಸ ಮಾಡಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಮೆಲ್ಬರ್ನಿನ ಪಶ್ಚಿಮದ ಒಂದು ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆ, ಯಾವುದೆಂದು ಕೇಳಬೇಡಿ. ಎಲ್ಲ ಇಲಾಖೆಗಳೂ ಒಂದೇ ಸೂರಿನಡಿ ಇರಲಿ ಎಂದು ಕಟ್ಟಿಸಿದರು. ಕೆಳಗೆ ಲೈಬ್ರರಿ, ಕೆಫೆ. ಸುತ್ತ ಮೇಲೆ ಮೇಲೆ ಆಫೀಸು. ನಡುವೆ ಗಾಜಿನ ಛಾವಣಿಯವರೆಗೂ ಖಾಲಿ. ಮರ ಇದೆ, ಗಾಜು ಇದೆ, ಕುಂಡಗಳಲ್ಲಿ ಹಸಿರು ಗಿಡಗಳಿವೆ. ಗೋಡೆ ಮಾತ್ರ ಇಲ್ಲ. ಗೋಡೆ ಇದ್ದರೆ ಜನ ಬೆರೆಯುವುದಿಲ್ಲವಂತೆ.

ನಾನು ಜಾನಕಿ, ಮೈಸೂರಿನವಳು. ಮನೆ ಕಟ್ಟುವವರು ತರುವ ನಕ್ಷೆಗಳನ್ನು ನೋಡುವುದು ನನ್ನ ಕೆಲಸ. ನನ್ನ ಮಾತನ್ನು ನಾಲ್ಕು ಜನ ಕೇಳಿಸಿಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಅದೇ ಮಹಡಿಯಲ್ಲಿ ಕೂರುವ ಮಹಾಶ್ವೇತಾಳ ವಿಷಯ ಹಾಗಲ್ಲ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಉಳಿದವರ ಹೆಸರು ಬದಲಿಸಿದ್ದೇನೆ.

ಮಹಾಶ್ವೇತಾ ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಮದುವೆಯಾಗಿ ಸಿಡ್ನಿಗೆ ಬಂದವಳು. ಬ್ಲ್ಯಾಕ್‌ಟೌನಿನಲ್ಲಿ ರೆಂಟಿನ ಮನೆ, ವೃದ್ಧರನ್ನು ನೋಡಿಕೊಳ್ಳುವ ಕೆಲಸ. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಬಂದ ಮೇಲೆ ಮತ್ತೆ ಪುಸ್ತಕ ಹಿಡಿದು ಇಲ್ಲಿಯ ಡಿಗ್ರಿಯನ್ನೂ ಮಾಡಿಕೊಂಡಳು. ಆಮೇಲೆ ಗಂಡನ ಕೆಲಸ ಮೆಲ್ಬರ್ನಿಗೆ ಬಂತು, ವೆರಿಬೀಯಲ್ಲಿ ಮನೆಯಾಯಿತು. ಕೌನ್ಸಿಲ್ಲಿನಲ್ಲಿ ಅವಳದು, ಮನೆಯೊಳಗೆ ಹೊಡೆತ ತಿನ್ನುವ, ಹೆದರಿ ಬದುಕುವ ಹೆಂಗಸರಿಗೆ ಹೊರಬರುವ ದಾರಿ ಮಾಡಿಕೊಡುವ ಕೆಲಸ. ಅವಳ ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು.

ಹಳೆಯ ಆಫೀಸು ನೋಡಲು ಕುರೂಪವಾಗಿತ್ತು. ಕಂದು ಕಾರ್ಪೆಟ್, ಮಳೆ ಬಂದರೆ ಒದ್ದೆ ಕಂಬಳಿಯ ವಾಸನೆ. ಆದರೆ ಅವಳ ಕೋಣೆಗೆ ಪಕ್ಕದ ಓಣಿಯಿಂದ ಬರಬಹುದಿತ್ತು. ಮಕ್ಕಳಿಗೆ ಲಸಿಕೆ ಹಾಕಿಸುವವರೂ ಅತ್ತಲಿಂದಲೇ ಬರುತ್ತಿದ್ದರು. ಹಾಗಾಗಿ ಯಾವ ಹೆಂಗಸು ಯಾತಕ್ಕೆ ಬಂದಳು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೊಸ ಕಟ್ಟಡದಲ್ಲಿ ಎಲ್ಲರ ಕಣ್ಣೆದುರು ಒಂದು ಕಿತ್ತಳೆ ಬಣ್ಣದ ಸೋಫಾದ ಮೇಲೆ ಕೂತು ಕಾಯಬೇಕು. ಲೈಬ್ರರಿಗೆ ಬಂದ ಪಕ್ಕದ ಮನೆಯವರು, "ಅರೆ, ಏನಿಲ್ಲಿ?" ಎಂದು ಕೇಳುತ್ತಾರೆ. ಬರುವವರು ಕಡಿಮೆಯಾದರು. ಮೀಟಿಂಗಿನಲ್ಲಿ ಮ್ಯಾನೇಜರ್ ಇದನ್ನೇ ಬೇಡಿಕೆ ತಗ್ಗಿದೆ ಎಂದು ಹೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಮಹಾಶ್ವೇತಾ ತಲೆ ಬಗ್ಗಿಸಿಕೊಂಡು ಕೂತಿದ್ದಳು.

ಬರಲಾಗದವರು ಫೋನ್ ಮಾಡತೊಡಗಿದರು. ಫೋನಿನಲ್ಲಿ ಮಾತಾಡಲು ಗಾಜಿನ ಚಿಕ್ಕ ಕೋಣೆಗಳಿವೆ, ಆದರೆ ಬುಕ್ ಮಾಡಬೇಕು. ಹೆದರಿದ ಹೆಂಗಸು ಬುಕಿಂಗ್ ನೋಡಿ ಫೋನ್ ಮಾಡುತ್ತಾಳೆಯೇ? ಮಹಾಶ್ವೇತಾ ನಮ್ಮೂರ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಒಂದು ಕೋಣೆಯ ಕುರ್ಚಿಗೆ ಬೆಳಿಗ್ಗೆಯೇ ಶಾಲು ಹಾಕಿ ಬರುತ್ತಿದ್ದಳು. ಅದಕ್ಕೂ ದೂರು ಹೋಯಿತು. ಕ್ರಮೇಣ ಅವಳ ನಗು ನಿಂತಿತು. ಸಂಜೆಯಾದರೆ ತಲೆನೋವು. ಮಧ್ಯಾಹ್ನದ ಡಬ್ಬಿಯನ್ನು ನನ್ನ ಕಾರಿನಲ್ಲಿ ಕೂತು ತಿನ್ನುತ್ತಿದ್ದಳು. "ಇಲ್ಲಿ ಕುಂತ್ರ ಬೆನ್ನಿಗೆ ಯಾರೋ ಕಣ್ಣು ಹಚ್ಚಿದಂಗಾಗತೈತಿ ಜಾನಕಿ," ಎನ್ನುತ್ತಿದ್ದಳು.

ಕೊನೆಗೆ ಅವಳು ತನಗೊಂದು ಗೋಡೆ ಮಾಡಿಕೊಂಡಳು. ಆ ಗೋಡೆ ಕನ್ನಡ. ನಮ್ಮವರು ಫೋನ್ ಮಾಡಿದರೆ ಮಹಡಿಯ ನಟ್ಟನಡುವೆ ನಿಂತು ಕನ್ನಡದಲ್ಲೇ ಎಲ್ಲ ಮಾತಾಡುವಳು. ಅದು ಅರ್ಥವಾಗುವುದು ನನಗೊಬ್ಬಳಿಗೇ, ನಾನು ಕಿವಿಗೆ ಹೆಡ್‌ಫೋನ್ ಏರಿಸಿಕೊಳ್ಳುತ್ತಿದ್ದೆ. ಪರದೇಶದಲ್ಲಿ ನಾವೆಲ್ಲ ಮಾಡುವುದು ಇದನ್ನೇ. ಟ್ರೈನಿನಲ್ಲಿ ಎದುರಿಗೆ ಕೂತವನ ಮೂಗಿನ ಬಗ್ಗೆ ಕನ್ನಡದಲ್ಲಿ ಆಡಿಕೊಳ್ಳುತ್ತೇವೆ, ಅವನು ಇಳಿಯುವಾಗ "ಬರ್ಲಾ ಮೇಡಂ?" ಎನ್ನುತ್ತಾನೆ. ಆದರೂ ಬುದ್ಧಿ ಬರುವುದಿಲ್ಲ.

ಇಂಚರಾ ಹುಬ್ಬಳ್ಳಿ ಕಡೆಯ ಹುಡುಗಿ. ಗಂಡನ ವೀಸಾದ ಮೇಲೆ ಬಂದವಳು, ಒಂದು ಪುಟ್ಟ ಮಗಳು. ಗಂಡ ಋಷಿ ಅವಳ ಪಾಸ್‌ಪೋರ್ಟ್ ಎತ್ತಿಟ್ಟುಕೊಂಡಿದ್ದ, ಫೋನ್ ಕಿತ್ತುಕೊಂಡಿದ್ದ. ಮಗಳ ಕಿಂಡರ್‌ಗಾರ್ಟನ್ನಿನ ಟೀಚರ್ ತಮ್ಮ ಫೋನ್ ಕೊಟ್ಟಾಗ ಮಾತ್ರ ಅವಳು ಮಹಾಶ್ವೇತಾಳ ಜೊತೆ ಮಾತಾಡುತ್ತಿದ್ದಳು. ಆಫೀಸಿನ ಕೆಲಸಕ್ಕೆಂದು ಋಷಿ ಸಿಡ್ನಿಗೆ ಹೋಗುವ ದಿನ ಮಗಳನ್ನು ಕರೆದುಕೊಂಡು ಮನೆ ಬಿಡುವುದೆಂದು ಇಬ್ಬರೂ ತೀರ್ಮಾನಿಸಿದ್ದರು. ಹಿಂದೊಮ್ಮೆ ಹೋಗಲು ನೋಡಿ ಸಿಕ್ಕಿಬಿದ್ದಿದ್ದಳು. ಇನ್ನೊಂದು ಸಲ ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಮಹಾಶ್ವೇತಾಳಿಗೆ ಚೆನ್ನಾಗಿ ಗೊತ್ತಿತ್ತು.

ಋಷಿ ಸಿಡ್ನಿಗೆ ಹೊರಟ ಆ ಬುಧವಾರ ಬೆಳಿಗ್ಗೆ ಇಂಚರಾಳ ಫೋನ್ ಬಂದಾಗ ಮಹಾಶ್ವೇತಾ ಗಾಜಿನ ಕೋಣೆಯಲ್ಲೇ ಇದ್ದಳು. ಅಷ್ಟರಲ್ಲಿ ಬಾಗಿಲು ತಟ್ಟಿ ಯಾವುದೋ ತಂಡದವರು ಕೇಕ್ ಹಿಡಿದು ನಿಂತರು, ಬುಕಿಂಗ್ ತಮ್ಮದೆಂದು ಬೆರಳು ತೋರಿಸಿದರು. ಅವಳು ಫೋನ್ ಕಿವಿಗಿಟ್ಟುಕೊಂಡೇ ಹೊರಗೆ ಬಂದು, ಗಿಡದ ಕುಂಡಗಳ ಸಾಲಿಗೆ ಬೆನ್ನು ಮಾಡಿ ನಿಂತಳು. ಹೆಡ್‌ಫೋನಿಗಾಗಿ ನಾನು ಡ್ರಾಯರ್ ತಡಕಾಡುತ್ತಿದ್ದೆ.

"ಇಂಚರಾ, ಅಳಬ್ಯಾಡವಾ. ಪಾಸ್‌ಪೋರ್ಟ್ ಸಿಗಲಿಲ್ಲಂದ್ರ ಬಿಡು, ಅದನ್ನ ಹುಡುಕ್ಕೋತ ಕುಂದರಬ್ಯಾಡ. ಕೂಸಿನ್ನ ಕರಕೊಂಡು ಅಲ್ಲಿಂದನ ಸ್ಟೇಷನ್ನಿಗೆ ನಡಿ. ಸಿಟಿಗೆ ಬಂದು ಗ್ಲೆನ್ ವೇವರ್ಲಿ ಟ್ರೇನ್ ಹತ್ತು. ಕಡೀ ಸ್ಟೇಷನ್ ಅದು, ದಾರಿ ತಪ್ಪೂದಿಲ್ಲ. ಹೊರಗ ಬಿಳೀ ಕಾರಿನ್ಯಾಗ ನಮ್ಮಾಕಿ ಒಬ್ಬಾಕಿ ಕುಂತಿರತಾಳ."

ಕುಂಡಗಳ ಆಚೆಯಿಂದ ಒಂದು ದನಿ ಮೊಳಗಿತು.

"ಏನವಾ ಮಹಾಶ್ವೇತಾ! ಆರಾಮದಿ ಏನು?"

ಎಲೆಗಳ ಮೇಲಿಂದ ಚನ್ನಮಲ್ಲಪ್ಪ ಅಂಕಲ್ಲರ ಮುಖ ಎದ್ದಿತು. ನಮ್ಮ ಕಡೆಯ ಕನ್ನಡದವರ ಸಂಘದ ಹಿರಿಯರು, ನಿವೃತ್ತ ಎಂಜಿನಿಯರ್. ಹಬ್ಬಕ್ಕೆ ಹಾಲ್ ಬುಕ್ ಮಾಡಲು ಬಂದವರು ಕುಂಡಗಳ ಹಿಂದಿನ ಮೆತ್ತನೆಯ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು.  ಫೋನ್ ಕಟ್ಟಾಗಿತ್ತು.

ಅಂಕಲ್ ಹತ್ತಿರ ಬಂದರು. ಮುಖದ ನಗು ಹೋಗಿತ್ತು. "ಅಲ್ಲವಾ, ನಮ್ಮ ಋಷಿ ಹೇಣ್ತಿ ಅಲ್ಲೇನು ಆಕಿ? ಮನಿ ಬಿಟ್ಟು ಹೊಂಟಾಳೇನು?"

 ಋಷಿ ಅವರ ಸ್ನೇಹಿತರ ಮಗ ಎನ್ನುವುದು ಸಂಘದಲ್ಲಿ ಎಲ್ಲರಿಗೂ ಗೊತ್ತು. ಅವರು ಆಗಲೇ ಜೇಬಿನಿಂದ ಫೋನ್ ತೆಗೆದಿದ್ದರು.

"ತಡಿ, ಹುಡುಗಗ ನಾ ಮಾತಾಡ್ತೇನಿ. ನನ್ನ ಮಾತು ಮೀರಂಗಿಲ್ಲ ಅಂವ. ಇಂಥಾವೆಲ್ಲ ನಾಕು ಗ್ವಾಡಿ ಒಳಗ ಮುಗಿಬೇಕು."

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಕೆಲಸ ಸುಲಭವಿತ್ತು, ಸೆಕ್ಯೂರಿಟಿಯವರನ್ನು ಕರೆಯಬಹುದಿತ್ತು. ಅವರಿಗೆ ನಿಜವಾಗಿಯೂ ಆ ಹುಡುಗಿಯ ಮೇಲೆ ಕನಿಕರವಿತ್ತು, ನನಗೆ ಭಯ ಹುಟ್ಟಿಸಿದ್ದು ಅದೇ. ಮಹಾಶ್ವೇತಾ ಸುತ್ತ ನೋಡಿದಳು. ಗಾಜಿನ ಕೋಣೆಯಲ್ಲಿ ಕೇಕ್ ಕತ್ತರಿಸುತ್ತಿದ್ದರು. ಇಡೀ ಮಹಡಿಯಲ್ಲಿ ಇಬ್ಬರು ಮರೆಯಲ್ಲಿ ಮಾತಾಡಲು ಜಾಗವಿರಲಿಲ್ಲ. ಅವಳು ಅವರ ತೋಳು ಹಿಡಿದು, "ಕಾಕಾರ, ಒಂದು ನಿಮಿಷ ಬರ್ರಿ," ಎಂದು ಮೂಲೆಯ ಫೈರ್ ಎಕ್ಸಿಟ್ ಬಾಗಿಲು ತಳ್ಳಿದಳು. ನಾನೂ ಹಿಂದೆಯೇ ನುಗ್ಗಿದೆ. ಯಾರೂ ನನ್ನನ್ನು ಕರೆದಿರಲಿಲ್ಲ.

ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಒಳಗೆ ಬರಿಯ ಕಾಂಕ್ರೀಟಿನ ಮೆಟ್ಟಿಲು, ಕಿಟಕಿಯಿಲ್ಲ. ಆ ಬಾಗಿಲು ಒಳಗಿನಿಂದ ಮತ್ತೆ ತೆರೆಯುವುದಿಲ್ಲ, ಕೆಳಗಿಳಿದು ಬೀದಿಗೇ ಹೋಗಬೇಕು. ಅಂಕಲ್ ಫೋನ್ ಒತ್ತಿದರು. ಸಿಗ್ನಲ್ ಇರಲಿಲ್ಲ. ಅವರು ಮಹಾಶ್ವೇತಾಳನ್ನು ದುರುಗುಟ್ಟಿ ನೋಡಿದರು.

"ಇಲ್ಲಿ ಯಾಕ ಕರಕೊಂಡು ಬಂದಿ?"

"ಇದೊಂದಕ್ಕ ಬಾಗಲಾ ಐತ್ರಿ ಕಾಕಾರ, ಅದಕ್ಕ. ನೀವು ಏನು ಕೇಳಿಸ್ಕೊಂಡೀರಿ, ಅದನ್ನ ನಾ ಹೌದನ್ನಂಗಿಲ್ಲ, ಅಲ್ಲನ್ನಂಗಿಲ್ಲ. ನನ್ನ ಕೆಲಸ ಹಂಗೈತಿ. ಫೋನ್ ಮಾಡಬ್ಯಾಡ್ರಿ, ಕೈ ಮುಗೀತೇನಿ."

"ಹುಚ್ಚಿ! ನಾ ಏನು ಕೇಡು ಬಯಸಿ ಮಾಡಾಕತ್ತೇನಿ? ಹೋದ ವರ್ಷನೂ ಜಗಳಾಗಿತ್ತು. ನಮ್ಮನಿಗೆ ಕರಸಿ, ಕುಂದರ್ಸಿ, ಬುದ್ಧಿ ಹೇಳಿ, ಹೋಳಿಗಿ ಉಣಿಸಿ ಕಳಿಸಿದ್ವಿ. ನಕ್ಕೋತ ಹೋದ್ರು ಇಬ್ರೂ."

  ಹೇಳಬಾರದ ಮಾತು ಮಹಾಶ್ವೇತಾಳ ನಾಲಿಗೆಯ ತುದಿಗೆ ಬಂದು ನಿಂತಿದೆ ಎಂದು ನನಗೆ ತಿಳಿಯಿತು.

"ಮನೀಗೆ ಹೋದಮ್ಯಾಲೆ ಏನಾತು ಅಂತ ಕೇಳಿದ್ರೇನ್ರಿ?"

"ಏನಾತು?"

 ಅವಳು ಅವರ ಮುಖವನ್ನೇ ನೋಡುತ್ತ ನಿಂತಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ಏನಾತವಾ?" ಎಂದು ಅಂಕಲ್ ಮತ್ತೆ ಕೇಳಿದರು. ಈ ಸಲ ದನಿ ಸಣ್ಣದಾಗಿತ್ತು. ಆಮೇಲೆ ಕಂಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.  "ಆವತ್ತಿನಿಂದ ಆಕಿ ಹಬ್ಬಕ್ಕ ಬಂದಿಲ್ಲ," ಎಂದು ತಮಗೇ ಹೇಳಿಕೊಂಡರು. "ನಾ ಫೋನ್ ಮಾಡಂಗಿಲ್ಲ. ನಡೀರಿ."

ನಡೀರಿ ಎಂದರೇನು, ಕೆಳಗಿಳಿದರೆ ಸಿಗ್ನಲ್ ಬರುತ್ತದೆ. ಮನಸ್ಸು ಬದಲಾದರೆ? ಮಹಾಶ್ವೇತಾ ನನ್ನತ್ತ ನೋಡಿದಳು. ನಾನು, "ಅಂಕಲ್, ಬನ್ನಿ, ಕಾಫಿ ಕುಡಿಯೋಣ," ಎಂದೆ. ಅರ್ಧ ದಿನ ರಜೆ ಹಾಕಿ ಅವರನ್ನು ಕೆಫೆಯಲ್ಲಿ ಕೂರಿಸಿಕೊಂಡೆ. ಕಾಫಿ ಆಯಿತು, ಸ್ಯಾಂಡ್‌ವಿಚ್ ಆಯಿತು, ಮತ್ತೆ ಕಾಫಿ ಆಯಿತು. ತಮ್ಮನ್ನು ಕಾವಲು ಕಾಯುತ್ತಿದ್ದೇನೆ ಎಂದು ಅವರಿಗೂ ಗೊತ್ತಿತ್ತು. ಆದರೂ, ಪಾಪ, ಕೂತೇ ಇದ್ದರು.

ಆಗ ಮೇಜಿನ ಮೇಲಿದ್ದ ಅವರ ಫೋನ್ ಬಡಿದುಕೊಂಡಿತು. ಋಷಿಯ ಹೆಸರು. ನಾವಿಬ್ಬರೂ ಹಾವು ನೋಡಿದಂತೆ ಅದನ್ನು ನೋಡಿದೆವು. ನಿಂತಿತು, ಮತ್ತೆ ಬಡಿದುಕೊಂಡಿತು.

"ಎತ್ತಲಿಲ್ಲಂದ್ರ ಅಂವಗ ಸಂಶೆ ಬರತೈತಿ," ಎಂದು ಅಂಕಲ್ ಎತ್ತಿದರು.  "ಹಾಂ ಋಷಿ... ಇಲ್ಲಪ್ಪಾ, ನಮ್ಮನಿಗೆ ಬಂದಿಲ್ಲ... ಗೊತ್ತಿಲ್ಲಪ್ಪಾ... ನಾ ಹಾಲ್ ಬುಕ್ ಮಾಡಾಕ ಬಂದೇನಿ." ಇಟ್ಟ ಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಸಿಡ್ನಿಯಿಂದನ ಹುಡುಕಾಕತ್ತಾನ," ಎಂದರು. ಅದುವರೆಗೂ ಅವರ ಮೇಲಿದ್ದ ಸಿಟ್ಟೆಲ್ಲ ನನ್ನೊಳಗೆ ಕರಗಿಹೋಯಿತು.

ಆದರೆ ಗ್ಲೆನ್ ವೇವರ್ಲಿಯಲ್ಲಿ ಇಂಚರಾ ಇಳಿಯಲಿಲ್ಲ. ಒಂದು ಟ್ರೈನ್ ಬಂತು, ಇನ್ನೊಂದು ಬಂತು, ಶಾಲೆ ಬಿಟ್ಟ ಮಕ್ಕಳ ಗುಂಪು ಇಳಿದು ಹೋಯಿತು. ಬಿಳೀ ಕಾರಿನವಳು ಫೋನಿನಲ್ಲಿ ಮತ್ತೆ ಮತ್ತೆ ಅದೇ ಮಾತು ಹೇಳಿದಳು, ಬಂದಿಲ್ಲ. ಕಿಂಡರ್‌ಗಾರ್ಟನ್ನಿನಿಂದ ತಾಯಿ ಮಗಳು ಬೆಳಿಗ್ಗೆಯೇ ಹೊರಟಿದ್ದರು. ಮಹಾಶ್ವೇತಾ ಪೊಲೀಸರಿಗೆ ತಿಳಿಸಿದಳು. ಅವರು ಮನೆಗೆ ಹೋಗಿ ನೋಡಿದರು, ಬೀಗ ಹಾಕಿತ್ತು. ಸಂಜೆ ಅಂಕಲ್ಲರನ್ನು ಕಳಿಸಿಕೊಟ್ಟು ನಾನು ಮೇಲೆ ಹೋದಾಗ ಅವಳು ತೆರೆದ ಮಹಡಿಯ ನಡುವೆ, ಎಲ್ಲರೆದುರು, ಮುಖ ಮುಚ್ಚಿಕೊಂಡು ಕೂತಿದ್ದಳು. ಹತ್ತಿರ ಯಾರೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಫೋನ್ ರಿಂಗಾಯಿತು. ನಂಬರ್ ತೋರಿಸಲಿಲ್ಲ. ಅವಳು ಎತ್ತಿ, ಒಂದು ಮಾತೂ ಆಡದೆ ನನ್ನ ಕಡೆ ಕೈ ಚಾಚಿದಳು. ಕಾರಿನ ಕೀಲಿ ಕೊಟ್ಟು ನಾನೂ ಓಡಿದೆ. ಕಾರಿನೊಳಗೆ ಕೂತು, ಗಾಜೆಲ್ಲ ಏರಿಸಿದ ಮೇಲೆ ಅವಳು ಬಾಯಿ ಬಿಟ್ಟಳು. ಫೋನನ್ನು ತೊಡೆಯ ಮೇಲಿಟ್ಟು ಸ್ಪೀಕರ್ ಹಾಕಿದಳು.

"ಇಂಚರಾ?"

"ಹಾಂ ಅಕ್ಕಾ." ದನಿ ಗಟ್ಟಿಯಾಗಿತ್ತು. "ನಿನ್ನೆ ನಿಮ್ಮ ಹಿಂದ ಚನ್ನಮಲ್ಲಪ್ಪ ಅಂಕಲ್ ಮಾತಾಡಿದ್ದು ಕೇಳಿಸ್ತು. ಅವರು ಅಲ್ಲೇ ಅದಾರ ಅಂದ್ರ ಅವಂಗ ಗೊತ್ತಾಗತೈತಿ ಅನ್ನಿಸ್ತ್ರಿ. ನೀವು ಹೇಳಿದಲ್ಲೆ ನಾ ಹೋಗಲಿಲ್ಲ. ಬ್ಯಾರೆ ಕಡೆ ಬಂದೇನಿ."

ಅಂಕಲ್ ಹೇಳಲಿಲ್ಲ, ಸುಳ್ಳು ಹೇಳಿ ಕಾಪಾಡಿದರು ಎಂದು ಕೂಗಿ ಹೇಳಬೇಕೆನ್ನಿಸಿತು ನನಗೆ. ಮಹಾಶ್ವೇತಾ ನನ್ನ ಮೊಣಕೈ ಒತ್ತಿ ಹಿಡಿದಳು.

"ಚಲೋ ಮಾಡಿದಿವಾ. ಎಲ್ಲದಿ ಅಂತ ನಾ ಕೇಳಂಗಿಲ್ಲ."

"ನಿಮಗೂ ಹೇಳಂಗಿಲ್ರಿ ಅಕ್ಕಾ. ಸಿಟ್ಟಾಗಬ್ಯಾಡ್ರಿ."

"ಸಿಟ್ಟಿಲ್ಲ. ಒಂದು ಹೇಳು. ಅಲ್ಲೆ ಖೋಲಿ ಐತೇನು? ಬಾಗಲಾ ಹಾಕ್ಕೊಳ್ಳಾಕ ಬರತೈತೇನು?"

ಆ ಕಡೆ ಮಗುವೊಂದು ಏನೋ ಹಾಡಿಕೊಳ್ಳುವುದು ಕೇಳಿಸಿತು. "ಬರತೈತ್ರಿ," ಎಂದಳು ಇಂಚರಾ. "ಒಳಗಿಂದ ಚಿಲಕ ಐತಿ. ಹಾಕ್ಕೊಂಡು ಕುಂತೇನ್ರಿ."

"ಸಾಕವಾ," ಎಂದಳು ಮಹಾಶ್ವೇತಾ. ಅವಳು ಇನ್ನೊಂದು ಮಾತು ಆಡುವ ಮೊದಲೇ ಫೋನ್ ಇಟ್ಟಾಗಿತ್ತು. ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು, ಆ ಹಳೆಯ ದೊಡ್ಡ ದನಿಯಲ್ಲೇ. ನಡುವೆ, "ಆಕಿ ಇನ್ನ ನಂಗ ಫೋನ್ ಮಾಡಂಗಿಲ್ಲ ನೋಡು ಜಾನಕಿ," ಎಂದಳು. ಇಂಚರಾ ಮತ್ತೆ ಫೋನ್ ಮಾಡಿಲ್ಲ.