ಹುಲುಗಮ್ಮ ಬಿಟ್ಟ ಚುಕ್ಕಿಗಳು

ಹುಲುಗಮ್ಮ ಯಶವಂತನಗರದ ಹತ್ತಿರ ಒಂದು ಕ್ರಷರಿನಲ್ಲಿ ಕಲ್ಲು ಆರಿಸುತ್ತಿದ್ದಳು. ಬೆಲ್ಟಿನ ಮೇಲೆ ಕಬ್ಬಿಣದ ಅದಿರು ಬರುತ್ತದೆ. ನಡುವೆ ಬರುವ ಬಿಳಿಕಲ್ಲನ್ನು ತೆಗೆದು ಒಗೆಯಬೇಕು, ಅದಿರನ್ನು ಮುಟ್ಟಬಾರದು. ಒಂಬತ್ತು ವರ್ಷ ಇದೇ ಕೆಲಸ. ಗಂಡ ಪಕೀರಪ್ಪ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಮನೆ ಅವಳ ಕೂಲಿಯಿಂದಲೇ ನಡೆಯಬೇಕು. ನಾನು ಅವಳ ಪಕ್ಕ ನಿಲ್ಲುತ್ತಿದ್ದೆ. ನಾನು ಬಿಟ್ಟ ಕಲ್ಲನ್ನೂ ಅವಳೇ ತೆಗೆಯುತ್ತಿದ್ದಳು.

2007ರಲ್ಲಿ ಮಾಲೀಕರು, ಆರು ಹೆಂಗಸರಲ್ಲಿ ಒಬ್ಬಳು ಹೆಚ್ಚಾಗಿದ್ದಾಳೆ, ಗಮನ ಕಡಿಮೆ ಇದ್ದವಳನ್ನು ತೆಗೆಯಿರಿ ಅಂದರು. ಗಮನ ಅಳೆಯಲು ಊರ ಹೊರಗಿಂದ ಒಬ್ಬ ಮೇಡಂ ಬಂದರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ಸೂಪರ್‌ವೈಜರ್ ಎರ್ರಿಯಪ್ಪ ನಮಗೆ ತಿಳಿಸುತ್ತಿದ್ದ.

ಮೊದಲು ಒಂದು ಡಬ್ಬಿ. ಕೆಂಪು ದೀಪ ಹತ್ತಿದರೆ ಗುಂಡಿ ಒತ್ತಬೇಕು, ಹಸಿರು ಹತ್ತಿದರೆ ಸುಮ್ಮನಿರಬೇಕು. ಇಪ್ಪತ್ತು ನಿಮಿಷ. ಮನಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡುವುದಂತೆ. ನನ್ನವು ನಾಲ್ಕು ತಪ್ಪು. ಹುಲುಗಮ್ಮನದು ಒಂದೂ ಇಲ್ಲ.

ಆಮೇಲೆ ಒಂದು ಹಾಳೆ. ತುಂಬ ಚುಕ್ಕಿ, ಬಳೆಯಂಥ ಗುಂಡು, ಮೂರು ಮೂಲೆಯ ಗುರುತು. ಗದ್ದಲದಲ್ಲಿ ಒಂದನ್ನೇ ಹಿಡಿಯುವ ಗಮನ ನೋಡಲು.

"ಚುಕ್ಕಿ ಅಷ್ಟ ಬೇಕು ನಮಗ. ಜಲ್ದಿ ಗೆರಿ ಹೊಡೀರಿ," ಅಂದ ಎರ್ರಿಯಪ್ಪ.

ನಾನು ಚುಕ್ಕಿಗಳ ಮೇಲೆ ಗೆರೆ ಹೊಡೆದೆ. ಪಕ್ಕಕ್ಕೆ ನೋಡಿದೆ. ಹುಲುಗಮ್ಮ ಗುಂಡು, ಮೂಲೆ ಎಲ್ಲ ಹೊಡೆದುಹಾಕಿ ಚುಕ್ಕಿಗಳನ್ನು ಒಂದೊಂದಾಗಿ ಉಳಿಸುತ್ತಿದ್ದಳು. ಒಂದೂ ತಪ್ಪಿರಲಿಲ್ಲ. ಮೊಣಕೈ ತಾಗಿಸಿದ್ದರೆ ಸಾಕಿತ್ತು. ಆದರೆ ಡಬ್ಬಿಯಲ್ಲಿ ನಾಲ್ಕು ತಪ್ಪಾದವಳು ನಾನು. ನನ್ನ ಹಾಳೆಗೆ ತಿರುಗಿದೆ.

ಮೇಡಂ ಹೊಡೆದ ಚುಕ್ಕಿಗಳನ್ನಷ್ಟೇ ಎಣಿಸಿದರು. ಅವಳಿಗೆ ಸೊನ್ನೆ ಬಂತು.

"ಏನವ್ವಾ, ಕಸ ಎಲ್ಲಾ ಗೀಚಿ ಚುಕ್ಕಿ ಬಿಟ್ಟೀಯಲ್ಲ! ಕಣ್ಣಾಗ ಮೈನ್ಸಿನ ಧೂಳು ಹೊಕ್ಕೈತೇನು?" ಎರ್ರಿಯಪ್ಪ ನಕ್ಕ. ಉಳಿದವರೂ ನಕ್ಕರು.

"ಬೇಕಾದ್ದನ್ನ ಯಾರರ ಹೊಡದು ಹಾಕ್ತಾರೇನ್ರೀ, ಸಾಹೇಬ್ರ? ನೀವ ಚುಕ್ಕಿ ಬೇಕು ಅಂದ್ರಿ."

ಮೇಡಂ ಅವಳೇನಂದಳು ಅಂತ ಕೇಳಿದರು. ಎರ್ರಿಯಪ್ಪ ಹುಚ್ಚಿ ಅನ್ನುವಂತೆ ತಲೆಯ ಹತ್ತಿರ ಬೆರಳು ತಿರುಗಿಸಿ ಹಿಂದಿಯಲ್ಲಿ ಒಂದೇ ಮಾತು ಹೇಳಿದ. ಮೇಡಂ ಪಾಪ ಅನ್ನುವಂತೆ ಅವಳನ್ನು ನೋಡಿ ಹೆಸರಿನ ಮುಂದೆ ಏನೋ ಬರೆದುಕೊಂಡರು.

ಸಂಜೆ ಅವಳನ್ನೇ ಕೆಲಸದಿಂದ ತೆಗೆದರು. ಅವಳು ಗೇಟಿನ ಹತ್ತಿರ ನಿಂತಿದ್ದಳು. "ಅಕ್ಕಾ, ನೀ ಬಾಜೂಕ ಕುಂತಿದ್ದೆಲ್ಲ. ನಾ ಹಂಗ ಮಾಡೋದು ನೋಡಿದ್ದಿಲ್ಲೇನು?"

"ಇಲ್ಲವ್ವ. ನನ್ನ ಹಾಳಿ ಮ್ಯಾಲೆ ಗಮನ ಇತ್ತು."

"ಹೌದಲ್ಲ," ಅಂದಳು. "ಅದಕ್ಕ ನಿನ್ನ ಇಟಗೊಂಡಾರ."