ಮಾವ ಗೋಡೆ ಕಟ್ಟಿದ ದಿನ

ಮಾವನ ಮೊಣಕಾಲಿನಿಂದ ಕೆಳಗೆ ಬರೀ ಬಿಳಿಯ ಗೀರುಗಳು. ಕೆಸರಿನೊಳಗಿನ ಚಿಪ್ಪು ಕೊಯ್ದು, ಉಪ್ಪುನೀರಿನಲ್ಲೇ ಮಾಗಿ, ಮತ್ತೆ ಅದೇ ಜಾಗದಲ್ಲಿ ಕೊಯ್ದು ಆದ ಗೀರುಗಳು. ಹಿರೇಗುತ್ತಿಯ ಕಡೆ, ಅಘನಾಶಿನಿಯ ಹಿನ್ನೀರಿಗೆ ತಾಗಿದ ಗಜನಿ ಗದ್ದೆಯಲ್ಲಿ ಅವನು ಕಗ್ಗ ಬೆಳೆಯುತ್ತಿದ್ದ. ಕಗ್ಗ ಉಪ್ಪು ತಾಳುವ ಭತ್ತ, ಆದರೆ ನದಿಗೆ ಅಡ್ಡ ಹಾಕಿದ ಮಣ್ಣಿನ ಒಡ್ಡು ನಿಂತರೆ ಮಾತ್ರ ಬೆಳೆ. ಸುತ್ತಲಿನವರು ಒಬ್ಬೊಬ್ಬರಾಗಿ ಗದ್ದೆಯನ್ನು ಸಿಗಡಿ ಸಾಕಲು ಬಿಟ್ಟ ಮೇಲೆ ಒಡ್ಡು ಕಾಯಲು ಉಳಿದವರು ಇಬ್ಬರೇ: ನನ್ನ ಆಯಿಯ, ಅಂದರೆ ಅಮ್ಮನ, ಅಣ್ಣನಾದ ಈ ಮಾವ, ಮತ್ತು ಅವನ ತಮ್ಮ, ನಮ್ಮ ಸಣ್ಣ ಮಾವ.

ಉಬ್ಬರದ ಹೊತ್ತಿಗೆ ಮಾವ ಊಟದ ನಡುವೆಯೇ ಎದ್ದು ಹೋಗುತ್ತಿದ್ದ. ಏಡಿ ಕೊರೆದ ತೂತು ಕಂಡರೆ ಹೆಬ್ಬೆರಳು ತುರುಕಿ ಆಳ ನೋಡುವನು. “ಇವತ್ತಿನ ತೂತಿಗೆ ಒಂದು ಹಿಡಿ ಮಣ್ಣು ಸಾಕು. ನಾಳೆಗೆ ಒಂದು ದೋಣಿ ಮಣ್ಣೂ ಸಾಲುದಿಲ್ಲ” ಎನ್ನುವನು.

ಬೀಜ ಉಳಿಸುವ ಒಂದು ಗುಂಪು ಕೆಲವು ರೈತರನ್ನು ಫಿಲಿಪೈನ್ಸಿನ ಬೆಟ್ಟದೂರೊಂದಕ್ಕೆ ಕರೆದೊಯ್ಯಲು ಹೊರಟಿತು. ಸಾವಿರಾರು ವರ್ಷಗಳಷ್ಟು ಹಳೆಯವೆಂದು ಹೇಳುವ ಮೆಟ್ಟಿಲುಗದ್ದೆಗಳ ಊರು ಅದು. ಕುಮಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನ್ನನ್ನು ದುಭಾಷಿಯಾಗಿ ಕರೆದರು. ಮಾವ ಬರಲು ಒಪ್ಪಲಿಲ್ಲ. ನಾನೇ ದಿನಾ ಹೋಗಿ ಕಾಡಿದೆ. ಕೊನೆಗೆ ಸಣ್ಣ ಮಾವ, “ನಾನಿಲ್ವಾ? ಹೋಗಿ ಬಾ ಅಣ್ಣ. ಹತ್ತು ದಿನಕ್ಕೆ ಎಂತ ಆಗ್ತದೆ?” ಎಂದ.

ಅಲ್ಲಿ ಕಣಿವೆಯ ತಳದಿಂದ ಮೋಡದವರೆಗೆ ಗದ್ದೆಯ ಮೇಲೆ ಗದ್ದೆ. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ಮಾವ ಮಾತ್ರ, “ನಾಕು ಕಡೆ ಗೋಡೆ ಕುಸಿದದೆ. ಯಾರೂ ಕಟ್ಟಲಿಲ್ಲ, ನೋಡು” ಎಂದ. ಮರುದಿನ ಬೆಳಿಗ್ಗೆ ಅವನು ಕುಸಿದ ಕಡೆಗೇ ನಡೆದ. ಆ ಗದ್ದೆಯ ಯಜಮಾನ ಒಬ್ಬನೇ ಕಲ್ಲು ಎತ್ತುತ್ತಿದ್ದ, ಎಪ್ಪತ್ತು ದಾಟಿದ ಮುದುಕ. ಮಕ್ಕಳು ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸ ಹಿಡಿದಿದ್ದಾರೆ ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದ. ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಮಾವ ಕೆಸರಿಗೆ ಇಳಿದಿದ್ದ. ಆಮೇಲೆ ಅವರಿಬ್ಬರಿಗೆ ನಾನು ಬೇಕಾಗಲಿಲ್ಲ. ಒಬ್ಬ ಕೈ ಚಾಚಿದರೆ ಇನ್ನೊಬ್ಬ ಸರಿಯಾದ ಕಲ್ಲನ್ನೇ ಕೊಡುತ್ತಿದ್ದ. ಮಾವ ನಗುತ್ತಿದ್ದ. ಅವನು ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ.

ಆಗ ಆಯಿಯ ಫೋನು ಬಂತು. ಬೆಳಗಿನ ಉಬ್ಬರಕ್ಕೆ ಒಡ್ಡು ಒಡೆದಿತ್ತು. ಅದನ್ನು ಮುಚ್ಚಲು ಒಬ್ಬನೇ ಇಳಿದ ಸಣ್ಣ ಮಾವ ಸೆಳೆತಕ್ಕೆ ಸಿಕ್ಕಿ ಸತ್ತಿದ್ದ. “ಅಣ್ಣನ್ನ ಬೇಗ ಕರ್ಕಂಡು ಬಾ. ಸುಡುದು ತಡೀತೇವೆ” ಎಂದು ಆಯಿ ಅಳುತ್ತಿದ್ದಳು.

ಮಧ್ಯಾಹ್ನಕ್ಕೆ ರಾಜಧಾನಿಗೆ ಹೋಗುವ ಬಸ್ಸಿತ್ತು. ದಿನಕ್ಕೆ ಅದೊಂದೇ. ಮಾವನ ಹತ್ತಿರ ಹೋಗಿ ನಿಂತೆ. “ಎಂತ ಮಗಾ? ಊಟಕ್ಕಾತಾ? ತಡಿ, ಈ ಸಾಲು ಮುಗೀಲಿ” ಎಂದ. ಸಾಲು ಮುಗಿಯಲಿ ಎಂದು ನಾನೂ ಅಂದುಕೊಂಡೆ. ಆ ಸಾಲಿನ ಮೇಲೆ ಇನ್ನೊಂದು ಸಾಲು ಬಂತು. ಬಸ್ಸು ಹೋಯಿತು. ಹೋದ ಮೇಲೆ ಹೇಳಲು ಹೆದರಿಕೆಯಾಯಿತು. ಸಂಜೆ ಮಾವ ಕೈಕಾಲು ತೊಳೆದು ಬಂದ ಮೇಲೆ ಹೇಳಿದೆ. ಅವನು ನೆಲದ ಮೇಲೆ ಕೂತುಬಿಟ್ಟ. ಅಲ್ಲಿಂದಲೇ ಕೇಳಿದ: “ಫೋನು ಈಗ ಬಂತಾ?”

“ಹೌದು ಮಾವ, ಈಗಷ್ಟೇ.”

ನೀರಿನಲ್ಲಿ ಊದಿದ ದೇಹವನ್ನು ಎರಡು ದಿನಕ್ಕಿಂತ ಇಡಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸುಟ್ಟರು. ನಾವು ಹಿರೇಗುತ್ತಿ ಮುಟ್ಟಿದ್ದು ಆ ಸಂಜೆ.

ಮಾವ ಒಬ್ಬನೇ ಎರಡು ಬೇಸಿಗೆ ಒಡ್ಡಿಗೆ ಮಣ್ಣು ಹಾಕಿದ. ಎರಡು ಸಲವೂ ಮಳೆಗಾಲ ಅದನ್ನು ಒಯ್ದಿತು. ಮೂರನೆಯ ವರ್ಷ ಮಣ್ಣಿನ ಬುಟ್ಟಿ ಮುಟ್ಟಲಿಲ್ಲ. ಗದ್ದೆಯಲ್ಲಿ ಉಪ್ಪುನೀರು ನಿಂತಿತು. ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಹೇಳಬೇಕೆಂದೇ ಹೋಗಿ, ಹೇಳದೆ ಬರುತ್ತಿದ್ದೆ. ಅವನು ನನಗಾಗಿ ಮೀನು ತರಿಸಿ ಇಟ್ಟಿರುತ್ತಿದ್ದ.

ಕಳೆದ ಶ್ರಾವಣದಲ್ಲಿ ಅವನು ಹಾಸಿಗೆ ಹಿಡಿದಾಗ ಹೇಳಿದೆ: “ಮಾವ, ಆವತ್ತು ಫೋನು ಬೆಳಿಗ್ಗೆನೇ ಬಂದಿತ್ತು.”

“ಗೊತ್ತದೆ. ನಿನ್ನ ಆಯಿ ಆವಾಗ್ಲೇ ಹೇಳಿದ್ಳು.”

“ಮತ್ತೆ ಇಷ್ಟು ದಿನ ಯಾಕೆ ಕೇಳಲಿಲ್ಲ?”

ಮಾವ ಗೋಡೆಯ ಕಡೆ ಹೊರಳಿದ. “ತಮ್ಮ ಹೋಗಾಗಿತ್ತು. ಕೇಳಿದ್ರೆ ನೀನೂ ಬರುದು ಬಿಡ್ತಿದ್ದೆ.”

ಅದಾಗಿ ನಾಲ್ಕನೆಯ ದಿನ ಬೆಳಿಗ್ಗೆ ಮಾವ ಹೋದ. ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.