ಗರಾಜಿನ ಪೋಸ್ಟ್‌ಮಾಸ್ಟರ್

ಪಕ್ಕದ ಮನೆಯ ಗರಾಜಿನಲ್ಲಿ ಒಂದು ಸರ್ವರ್ ಕಂಪ್ಯೂಟರಿನ ಫ್ಯಾನು ಹಗಲೆಲ್ಲ ಗುಂಯ್ ಎನ್ನುತ್ತಿತ್ತು. ಡಾಲಸ್ ಪಕ್ಕದ ಕ್ಯಾರಲ್ಟನ್ನಿನ ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಮೊದಲು ಕೇಳುತ್ತಿದ್ದುದು ಅದು, ಆಮೇಲೆ ಅದರ ಒಡೆಯರ ಗೊಣಗಾಟ. ಧಾರವಾಡದವರು, ರಿಟೈರ್ಡ್ ಇಂಜಿನಿಯರ್. ಡಾಲಸ್ಸಿನ ಕನ್ನಡಿಗರ ಇಮೇಲ್ ಗ್ರೂಪನ್ನು ಆ ಹಳೇ ಸರ್ವರಿನಿಂದ ಒಬ್ಬರೇ ನಡೆಸುತ್ತಿದ್ದರು. ನಮಗೆಲ್ಲ ಅವರು ಪೋಸ್ಟ್‌ಮಾಸ್ಟರ್.

ಬನಿಯನ್ನಿನ ಮೇಲೆ ಶಾಲು ಹೊದ್ದು, ಅವಲಕ್ಕಿ ಮೆಲ್ಲುತ್ತ ಬೆಳಗೆಲ್ಲ ಸ್ಪ್ಯಾಮ್ ಅಳಿಸುತ್ತ ಕೂರುವರು. “ನೋಡ್ರಿ ಅಕ್ಕಾರ, ಯಾವುದೋ ದೇಶದ ರಾಜಕುಮಾರ ನಮ್ಮ ಗಣೇಶ ಹಬ್ಬಕ್ಕ ಆಸ್ತಿ ಬರದು ಕೊಡ್ತಾನಂತ!”

ಆದರೆ ನಿಜವಾದ ತಲೆನೋವು ನಮ್ಮವರದೇ. ಗ್ರೂಪ್ ಸಾಕಾದವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಂಕಲ್ ಬೇಜಾರು ಮಾಡಿಕೊಂಡಾರು ಎಂಬ ದಾಕ್ಷಿಣ್ಯಕ್ಕೆ ಸದ್ದಿಲ್ಲದೆ ‘ಸ್ಪ್ಯಾಮ್’ ಒತ್ತಿಬಿಡುವರು. ಹಾಗೆ ಒತ್ತಿದವರು ಹೆಚ್ಚಾದರೆ ದೊಡ್ಡ ಮೇಲ್ ಕಂಪನಿಗಳು ನಮ್ಮ ಸರ್ವರನ್ನೇ ಬ್ಲಾಕ್ ಮಾಡುತ್ತಿದ್ದವು. ಎಲ್ಲರ ಇಮೇಲುಗಳೂ ಸರ್ವರಿನಲ್ಲೇ ಕ್ಯೂ ನಿಲ್ಲುತ್ತಿದ್ದವು. “ಬ್ಯಾಡ ಅಂದ್ರ ನಾ ಏನು ಹೊಡೀತೀನೇನ್ರಿ?” ಎನ್ನುತ್ತ, ಬ್ಲಾಕ್ ತೆಗೆಯಿರೆಂದು ಆ ಕಂಪನಿಗಳಿಗೆ ಅರ್ಜಿ ಬರೆಯುವರು. ಆ ಅರ್ಜಿಗಳ ಇಂಗ್ಲಿಷ್ ಪಾಲಿಶ್ ಮಾಡಲು ನಾನು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಅಷ್ಟಕ್ಕಾದರೂ ಬಂತು.

ನಮ್ಮ ಯಜಮಾನರು ತೀರಿಕೊಂಡಾಗ ಪೋಸ್ಟ್‌ಮಾಸ್ಟರ್ ಆಸ್ಟಿನ್ನಿನ ಮಗಳ ಮನೆಗೆ ಹೋಗಿದ್ದರು. ಎಲ್ಲರೂ ಮಾಡುವಂತೆ ನಾನೂ ಅಂತ್ಯಕ್ರಿಯೆ ನಡೆಯುವ ಫ್ಯೂನರಲ್ ಹೋಮಿನ ವಿಳಾಸ, ಸಮಯ ಬರೆದು ಗ್ರೂಪಿಗೆ ಕಳಿಸಿದೆ. ಮರುದಿನ ಸಂಜೆಯಾದರೂ ಒಂದು ಫೋನಿಲ್ಲ. ಇಷ್ಟು ವರ್ಷ ನಮ್ಮ ಮನೆಯಲ್ಲಿ ಉಂಡವರು, ನಕ್ಕವರು; ಯಾರಿಗೂ ನಾವು ಬೇಡವಾದೆವೇ ಎಂದುಕೊಂಡು ಸೋಫಾದಲ್ಲಿ ಕುಸಿದಿದ್ದೆ.

ಅಷ್ಟರಲ್ಲಿ ಪೋಸ್ಟ್‌ಮಾಸ್ಟರ್ ಓಡಿ ಬಂದರು. ಆಸ್ಟಿನ್ನಿನಿಂದ ಬಂದು ಸರ್ವರ್ ನೋಡಿದಾಗಲೇ ಅವರಿಗೆ ಸುದ್ದಿ ತಿಳಿದದ್ದು.

“ಅಕ್ಕಾರ, ನಿಮ್ಮ ಮೇಲ್ ಇಲ್ಲೇ ಸಿಕ್ಕಿಬಿದ್ದದರಿ. ಮತ್ತ ಬ್ಲಾಕ್ ಮಾಡ್ಯಾರ. ಯಾರಿಗೂ ಮುಟ್ಟೇ ಇಲ್ಲ. ಮಂದೀನ್ನ ತಪ್ಪು ತಿಳೀಬ್ಯಾಡ್ರಿ.”

ಅರ್ಜಿ ಬರೆದು ಕಾಯಲು ಹೊತ್ತಿರಲಿಲ್ಲ, ಮರುದಿನವೇ ದಹನ. ನಮ್ಮ ಡೈನಿಂಗ್ ಟೇಬಲ್ಲಿನಲ್ಲೇ ಕೂತು ಒಂದೊಂದು ಮನೆಗೂ ಫೋನ್ ಮಾಡಿದರು, ದನಿ ಬಿದ್ದುಹೋಗುವ ತನಕ.

ಜನ ಬಂದರು. ಹ್ಯೂಸ್ಟನ್ನಿನಿಂದಲೂ ಬಂದರು. ಎಲ್ಲ ಮುಗಿದ ಮೇಲೆ ಮಗ ನನ್ನನ್ನು ನೇರ ದ ವುಡ್‌ಲ್ಯಾಂಡ್ಸಿನ ತನ್ನ ಮನೆಗೆ ಕರೆದೊಯ್ದ. ನಾನು ಹಿಂತಿರುಗುವ ಮೊದಲೇ ಪೋಸ್ಟ್‌ಮಾಸ್ಟರೂ ನಿದ್ದೆಯಲ್ಲೇ ಹೋಗಿಬಿಟ್ಟರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಫ್ಯೂನರಲ್ ಹೋಮಿನ ಸಭಾಂಗಣದ ಹಿಂದುಗಡೆ. ಸೀಟು ಸಾಲದೆ, ಗೋಡೆಗೊರಗಿದ್ದ ಮಡಚುಕುರ್ಚಿಗಳನ್ನು ಬಿಡಿಸಿ ಹಾಕುತ್ತ, ತಡವಾಗಿ ಬಂದವರನ್ನು ದನಿಯಿಲ್ಲದೆ, ಬರೀ ಕೈಸನ್ನೆಯಲ್ಲಿ, ಕೂರಿಸುತ್ತಿದ್ದರು.